ಹೆಬ್ಬೆಟ್ಟು ಒತ್ತುವ ಮೊದಲು

ನಮ್ಮ ಯಲ್ದೂರಿನ ಕಡೆ ಮಾವಿನ ಕಾಲ ಮುಗಿಯಿತೆಂದರೆ ಕೋರ್ಟಿನ ಕಾಲ ಶುರುವಾಗುತ್ತದೆ. ಬಾದಾಮಿ, ಬೇನಿಷಾ, ತೋತಾಪುರಿ ಎಂದು ಲೋಡುಗಟ್ಟಲೆ ಕಾಯಿ ಮಂಡಿ ಸೇರುವವರೆಗೆ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರುವುದಿಲ್ಲ. ಕೊನೆಗೆ ನೀಲಂ ಕೂಡ ಮರದಿಂದಿಳಿದು, ಮಂಡಿಯವರ ಲೆಕ್ಕ ಚುಕ್ತಾ ಆಗಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ, ಬೇಸಿಗೆಯುದ್ದಕ್ಕೂ ಎದೆಯೊಳಗೆ ಅದುಮಿಟ್ಟುಕೊಂಡಿದ್ದ ಬದುವಿನ ತಕರಾರು, ಭಾಗದ ತಕರಾರು, ದಾರಿಯ ತಕರಾರು, ಕೈಸಾಲದ ತಕರಾರು ಒಂದೊಂದಾಗಿ ಮೈಮುರಿದೆದ್ದು ಶ್ರೀನಿವಾಸಪುರದ ಬಸ್ಸು ಹತ್ತುತ್ತವೆ. ಬಸ್ಸಿನಲ್ಲಿ ಯಾರು ಆಸ್ಪತ್ರೆಗೆ ಹೊರಟಿದ್ದಾರೆ, ಯಾರು ಕೋರ್ಟಿಗೆ ಎಂದು ಕೇಳಿ ತಿಳಿಯಬೇಕಾಗಿಲ್ಲ. ಕೋರ್ಟಿನವರ ತೊಡೆಯ ಮೇಲೆ ಬಟ್ಟೆಯಂಗಡಿಯ ಹಳದಿ ಕೈಚೀಲ ಇರುತ್ತದೆ. ಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮತ್ತೊಂದು ಕವರು, ಅದರೊಳಗೆ ಗರ್ಭಗುಡಿಯ ಮೂರ್ತಿಯ ಹಾಗೆ ಪಹಣಿ.

ಈ ಚೀಲ ಹೊತ್ತವರನ್ನು ಕಂಡರೆ ನನಗೆ ಗೌರವ, ಜೊತೆಗೆ ಒಂದು ಸಂಕಟ. ಚೀಲ ಹೊರಡಬೇಕಾದ ದಿನ ಹೊರಡುವುದಿಲ್ಲ, ಅದೇ ಸಂಕಟ. ಕ್ರಯಪತ್ರಕ್ಕೆ ಸಹಿ ಬಿದ್ದು, ಅಣ್ಣತಮ್ಮಂದಿರು ಪಾಲುಪಟ್ಟಿಗೆ ಹೆಬ್ಬೆಟ್ಟು ಒತ್ತಿ, ಅಕ್ಕನಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು, ದುಡ್ಡು ಕೈ ಬದಲಾಗಿ, ಊಟ ತಾಂಬೂಲವೂ ಮುಗಿದು, ಎಷ್ಟೋ ವರ್ಷದ ಮೇಲೆ ಯಾರೋ ಬಂದು ಬೇಲಿಯ ಕಲ್ಲು ಕಿತ್ತೆಸೆದಾಗ ಅದು ಹೊರಡುತ್ತದೆ. ಅಷ್ಟು ಹೊತ್ತಿಗೆ ಹೋದವರಿಗೂ ವಕೀಲರು ದಾರಿ ತೋರಿಸುತ್ತಾರೆ, ಇಲ್ಲವೆಂದಲ್ಲ. ಆದರೆ ಸಹಿಗೆ ಮುಂಚೆ ಹೋಗಿದ್ದರೆ ಅರ್ಧ ಗಂಟೆಯ ಮಾತಿನಲ್ಲಿ ಮುಗಿಯುತ್ತಿದ್ದುದು ಈಗ ಅರ್ಧ ಆಯುಷ್ಯ ಕೇಳುತ್ತದೆ. ಇಷ್ಟನ್ನು ನಿಮ್ಮ ಕಿವಿಗೆ ಹಾಕಬೇಕೆಂದು ಬಹಳ ದಿನದಿಂದ ಇತ್ತು. ಕೂತುಕೊಳ್ಳಿ, ಕಾಫಿ ಬರುತ್ತದೆ.

ನನ್ನ ತಾತನ ಬಳಿ ಒಂದು ತಗಡಿನ ಟ್ರಂಕು ಇತ್ತು. ಮೈಸೂರು ಸಂಸ್ಥಾನದ ಕಾಲದ ಛಾಪಾ ಕಾಗದಗಳು, ಕಂದಾಯದ ರಸೀತಿಗಳು, ತೀರಿಹೋದ ಸಾಲದ ಹರಿದ ಪ್ರೋನೋಟುಗಳು, ಯಾವ ಕಾಲದಲ್ಲೋ ಸತ್ತ ಎತ್ತಿನ ಖರೀದಿ ಚೀಟಿ, ಎಲ್ಲವೂ ಕರ್ಪೂರದ ಗುಳಿಗೆಗಳ ನಡುವೆ ಮಲಗಿದ್ದವು. ಮಕ್ಕಳಾದ ನಾವು ಅದನ್ನು ಮುಟ್ಟುವ ಹಾಗಿರಲಿಲ್ಲ. ಅಜ್ಜಿ ಮಾತ್ರ ಶುಕ್ರವಾರ ಅದರ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ವರ್ಷಕ್ಕೊಮ್ಮೆ ತಾತ ಅದನ್ನು ಜಗುಲಿಗೆ ತಂದು ಬಿಸಿಲಿಗಿಟ್ಟು, ಹಳೆಯ ಶಾನುಭೋಗರನ್ನು ಕರೆಸುತ್ತಿದ್ದರು. ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ನುಂಗಿ ಎಷ್ಟೋ ಕಾಲವಾಗಿತ್ತು, ಆದರೂ ಊರಿಗೆ ಅವರು ಶಾನುಭೋಗರೇ. ಆ ಕೈಬರಹ ಓದಬಲ್ಲವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರಿಂದ, ಅವರು ಕನ್ನಡಕ ಏರಿಸಿ ‘ಪೂರ್ವಕ್ಕೆ ಸರ್ಕಾರಿ ಕೆರೆ, ಪಶ್ಚಿಮಕ್ಕೆ ಬಂಡಿದಾರಿ’ ಎಂದು ಚೆಕ್ಕುಬಂದಿ ಓದುತ್ತಿದ್ದರೆ ಇಡೀ ಮನೆ ಪುರಾಣ ಶ್ರವಣದ ಭಕ್ತಿಯಿಂದ ಕೇಳುತ್ತಿತ್ತು. ಓದಿ ಮುಗಿದ ಮೇಲೆ ತಾತ ತಪ್ಪದೆ ಒಂದು ಪ್ರಶ್ನೆ ಹಾಕುತ್ತಿದ್ದರು: “ಎಲ್ಲಾ ಸರಿಯಾಗೈತಾ, ಸ್ವಾಮಿ?” ಪ್ರತಿ ವರ್ಷ ಅದೇ ಕಾಗದ, ಅದೇ ಪ್ರಶ್ನೆ. ಬಿತ್ತುವ ಮೊದಲು ಬೀಜ ನೋಡುತ್ತಿದ್ದ ಮನುಷ್ಯ, ತಕರಾರು ಬರುವ ಮೊದಲು ಕಾಗದವನ್ನೂ ನೋಡುತ್ತಿದ್ದರು.

ಆಮೇಲೆ ಹೊಸ ಶತಮಾನದ ಹೊಸ್ತಿಲಲ್ಲಿ ‘ಭೂಮಿ’ ಯೋಜನೆ ಬಂತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು, ಯಲ್ದೂರಿನ ನಾಡಕಚೇರಿಯಲ್ಲಿ ಸರ್ವೆ ನಂಬರು ಹೇಳಿದರೆ ಅಚ್ಚಾದ ಹಾಳೆ ಕೈಗೆ ಬರುವಂತಾಯಿತು. ದೊಡ್ಡ ಉಪಕಾರ. ಆದರೆ ಅದರ ಜೊತೆಗೇ ಒಂದು ನಂಬಿಕೆಯೂ ಗಟ್ಟಿಯಾಯಿತು: ಒಂಬತ್ತನೇ ಕಾಲಂನಲ್ಲಿ ಹೆಸರಿದ್ದರೆ ಭೂಮಿ ತನ್ನದೇ ಎಂದು. ಪಹಣಿಯ ಆ ಕಾಲಂ ಕಂದಾಯ ಇಲಾಖೆಯ ಲೆಕ್ಕಕ್ಕೆ ಇರುವುದು. ಖಾತೆ ಬದಲಾವಣೆ ಮಾತ್ರದಿಂದ ಯಾರಿಗೂ ಮಾಲೀಕತ್ವ ಹುಟ್ಟುವುದಿಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಅದಕ್ಕೇ ಒಳ್ಳೆಯ ಸಿವಿಲ್ ವಕೀಲರು ಪಹಣಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, “ಇದು ನಿಮಗೆ ಎಲ್ಲಿಂದ ಬಂತು?” ಎಂದು ಕೇಳುತ್ತಾರೆ. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಸಾಲವೇನಾದರೂ ಕೂತಿದೆಯಾ, ಋಣಭಾರ ಪತ್ರ ಎಷ್ಟು ವರ್ಷದ್ದು ತೆಗೆಸಿದ್ದೀರಿ, ಆಕಾರಬಂದಿನಲ್ಲಿರುವ ಎಕರೆ ಗುಂಟೆಗೂ ಪಹಣಿಯದಕ್ಕೂ ತಾಳೆಯಾಗುತ್ತದೆಯಾ, ಪೋಡಿ ಆಗಿದೆಯಾ ಎಂದು ಆಮೇಲೆ ಕೇಳುತ್ತಾರೆ.

ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ ನಮ್ಮ ತಾಲ್ಲೂಕಿನಲ್ಲಿ ಉತ್ತರ ಒಂದೇ ಇರುವುದಿಲ್ಲ. ಪಿತ್ರಾರ್ಜಿತವೋ, ಕ್ರಯಕ್ಕೆ ಕೊಂಡದ್ದೋ, ದರಖಾಸ್ತಿನಲ್ಲಿ ಮಂಜೂರಾದದ್ದೋ, ಅಥವಾ ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಫಾರಂ ಏಳು ಹಾಕಿ ಭೂನ್ಯಾಯಮಂಡಳಿಯಿಂದ ಗೇಣಿದಾರನಿಗೆ ಸಿಕ್ಕಿದ್ದೋ, ಒಂದೊಂದಕ್ಕೂ ಒಂದೊಂದು ಶಾಸ್ತ್ರ. ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ದಿನ 1974ರ ಮಾರ್ಚ್ 1. ಆ ದಿನ ಉಳುತ್ತಿದ್ದವನು ಯಾರು ಎಂಬ ಒಂದು ಸಂಗತಿಯ ಮೇಲೆ ಎಷ್ಟೋ ಮನೆಗಳ ಅನ್ನ ನಿಂತಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಕಾವಲಿಗೆ ನಿಂತಿರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರಿದರೆ ಮಾರಾಟವೇ ಶೂನ್ಯ. ಬಹಳ ತಡವಾಗಿ ಬಂದಿರಿ ಎಂದು ಇಂಥ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, ಕಾಲಮಿತಿ ಅಡ್ಡ ಬರಬಾರದೆಂದು 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು. ಮದುವೆಯ ಖರ್ಚಿಗೋ ಕಾಯಿಲೆಗೋ ಅಪ್ಪ ಮೂರು ಕಾಸಿಗೆ ಕೊಟ್ಟುಹೋದ ಎರಡು ಎಕರೆ ಮಕ್ಕಳಿಗೆ ಮರಳಿ ಬರಬಹುದೆನ್ನುವುದು ಆ ಮಕ್ಕಳಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಕೊಳ್ಳಲು ಹೊರಟವರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನಿಂದ ಬಂದು ಬರೀ ಜಿಪಿಎ ಮೇಲೆ ಜಮೀನು ಹಿಡಿದುಕೊಳ್ಳುವವರೂ ಇದ್ದಾರೆ. ಮುಖ್ತ್ಯಾರ್ ಪತ್ರದಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲೇ ಖಡಾಖಂಡಿತ ಹೇಳಿಯಾಗಿದೆ. ಮುಂಗಡ ಕೊಡುವ ಹಿಂದಿನ ದಿನ ಒಬ್ಬ ವಕೀಲರ ಮುಂದೆ ಮೂಲಪತ್ರ ಹರವಿದ್ದರೆ ಸಾಕಿತ್ತು.

ಪಿತ್ರಾರ್ಜಿತ ಎಂದೆನಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹುಟ್ಟಿದ ಕ್ಷಣದಿಂದಲೇ ಮಗುವಿಗೆ ಹಿರಿಯರ ಆಸ್ತಿಯಲ್ಲಿ ಪಾಲು ಎಂಬ ವಿಚಾರವನ್ನು ಶಾಸ್ತ್ರಬದ್ಧವಾಗಿ ಕಟ್ಟಿಕೊಟ್ಟವನು ನಮ್ಮವನೇ, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಬಂಗಾಳದ ಕಡೆಯನ್ನು ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಮನೆಗಳ ಜಮೀನು ಹಂಚಿತು. ಒಂಬೈನೂರು ವರ್ಷದ ಮೇಲೆ ಯಲ್ದೂರು ಹೋಬಳಿಯ ಒಂದು ರಾಗಿ ಹೊಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಹಗ್ಗ ಹಿಡಿದು ನಿಂತಾಗ ಆ ಹಗ್ಗದ ಇನ್ನೊಂದು ತುದಿ ಕಲ್ಯಾಣದಲ್ಲಿದೆ ಎಂದು ನೆನೆದರೆ ನನಗೆ ರೋಮಾಂಚನವಾಗುತ್ತದೆ. ಆದರೆ ಆ ಹಗ್ಗವನ್ನು ಶತಮಾನಗಳ ಕಾಲ ಗಂಡುಮಕ್ಕಳೇ ಹಿಡಿದಿದ್ದರು. ಪಕ್ಕದ ಆಂಧ್ರ 1980ರ ದಶಕದಲ್ಲೇ ಹೆಣ್ಣುಮಕ್ಕಳ ಕೈಗೂ ಕೊಟ್ಟಿತು. ಕರ್ನಾಟಕ 1994ರ ಜುಲೈ 30ರಿಂದ, ಅದೂ ಆ ಹೊತ್ತಿಗೆ ಮದುವೆಯಾಗಿರದವರಿಗೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಈ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಜಿಜ್ಞಾಸೆಯನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ಮಗನಿಗೆ ಹೇಗೋ ಮಗಳಿಗೂ ಹಾಗೇ, ತಂದೆ ಆ ದಿನ ಇರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗವಾಗಿದ್ದರೆ ಅದು ಉಳಿಯುತ್ತದೆ. ಬಾಯಿಮಾತಿನಲ್ಲಿ ಭಾಗವಾಗಿತ್ತು ಎಂದು ಬರೀ ಹೇಳಿದರೆ ನಡೆಯುವುದಿಲ್ಲ.

ನಮ್ಮಲ್ಲಿ ಮದನಪಲ್ಲಿಗೋ ಪುಂಗನೂರಿಗೋ ಕೊಟ್ಟ ಅಕ್ಕನನ್ನು ಹಬ್ಬಕ್ಕೆ ಕರೆದು, ಒಬ್ಬಟ್ಟು ಬಡಿಸಿ, ಹೊಸ ಸೀರೆ ಉಡಿಸಿ, ಮಾರನೆಯ ದಿನ “ಅಕ್ಕಾ, ಒಂದು ಸಹಿ ಐತೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗು” ಎನ್ನುವ ಪದ್ಧತಿಯಿದೆ. ತವರು ಎಲ್ಲಿ ಮುಚ್ಚಿಹೋಗುತ್ತದೋ ಎಂಬ ಭಯಕ್ಕೆ ಅವಳು ಬರುತ್ತಾಳೆ. ತಮ್ಮನಿಗೆ ಪ್ರೀತಿಯಿಂದ ಪಾಲು ಬಿಟ್ಟುಕೊಡಲು ಅವಳಿಗೆ ಪೂರ್ಣ ಸ್ವಾತಂತ್ರ್ಯವಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ತಿಳಿದು ಬಿಡಲಿ ಎಂಬುದಷ್ಟೇ ನನ್ನ ಹಟ. ತಮ್ಮನ ವಕೀಲರಲ್ಲ, ಅವಳದೇ ವಕೀಲರೊಬ್ಬರು ಆ ಪತ್ರವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ, ನಮ್ಮ ಗಡಿಯಲ್ಲಿ ಅದು ತೆಲುಗೇ ಆಗಿರಬಹುದು, ಓದಿ ಹೇಳಬೇಕು. ತಮ್ಮನಿಗೂ ಅದರಿಂದ ಒಳ್ಳೆಯದೇ. ಮೋಸದಿಂದ ಬರೆಸಿಕೊಂಡರೆಂದು ನಾಳೆ ಯಾರಾದರೂ ದಾವೆ ಹೂಡಿದರೂ ಅದು ನಿಲ್ಲುವುದು ಕಷ್ಟ.

ಜಗಳ ಬಗೆಹರಿಸಲು ನಮ್ಮ ಸೀಮೆಯಲ್ಲಿ ಇನ್ನೊಂದು ಪೀಠವೂ ಇದೆ. ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಹೋದರೆ ಕಾಣಿಪಾಕಂ ವಿನಾಯಕ. ಅಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದವರು ಉಳಿಯುವುದಿಲ್ಲವೆಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ‘ಕಾಣಿಪಾಕಕ್ಕೆ ಬರ್ತೀಯಾ?’ ಎಂದು ಕೇಳಿದ ಮಾತ್ರಕ್ಕೆ ಸಾಲದ ದುಡ್ಡು ವಾಪಸು ಬಂದ ಕಥೆಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಇದನ್ನು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕುವವರಿಗೆ ಒಂದು ಸಂಗತಿ: 1873ರ ಪ್ರಮಾಣಗಳ ಕಾಯ್ದೆಯಲ್ಲಿ ಬ್ರಿಟಿಷರ ನ್ಯಾಯಾಲಯವೇ ಇದಕ್ಕೆ ಜಾಗ ಕೊಟ್ಟಿತ್ತು. ಎದುರಾಳಿ ಇಂಥ ಪ್ರಮಾಣ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ ಎಂದು ಒಬ್ಬ ಕಕ್ಷಿದಾರ ಹೇಳಿ, ಎದುರಾಳಿ ಹಾಗೇ ಪ್ರಮಾಣ ಮಾಡಿದರೆ, ಒಪ್ಪಿದವನ ಮೇಲೆ ಆ ಮಾತೇ ಅಂತಿಮ ಸಾಕ್ಷ್ಯ. 1969ರ ಹೊಸ ಕಾಯ್ದೆ ಅದನ್ನು ಕೈಬಿಟ್ಟಿತು. ದೇವರ ಮುಂದೆ ಆದ ಒಪ್ಪಂದ ಇವತ್ತೂ ಒಳ್ಳೆಯದೇ; ಆದರೆ ವಾಪಸು ಬಂದ ಮೇಲೆ ಅದನ್ನು ಬರೆದು, ಕೇಸಿದ್ದರೆ ರಾಜಿ ಅರ್ಜಿಯಾಗಿ ಕೋರ್ಟಿಗೆ ಕೊಟ್ಟು, ಡಿಕ್ರಿ ಮಾಡಿಸಿಕೊಳ್ಳಬೇಕು. ಅಪ್ಪಂದಿರ ಪ್ರಮಾಣ ಮಕ್ಕಳ ಕಾಲಕ್ಕೆ ಯಾರ ನೆನಪಿನಲ್ಲೂ ಇರುವುದಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರಂತೂ ಆ ತೀರ್ಮಾನಕ್ಕೆ ಡಿಕ್ರಿಯ ಬಲ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ವಕೀಲರೆಂದರೆ ಜಗಳ ಬೆಳೆಸುವವರೆಂದು ತಿಳಿದವರು ಒಮ್ಮೆ ಅಂಥ ಅದಾಲತ್ತಿಗೆ ಹೋಗಿ, ಎರಡೂ ಕಡೆಯ ಕರಿ ಕೋಟುಗಳು ಸೇರಿ ಇಬ್ಬರು ಹಟಮಾರಿ ದಾಯಾದಿಗಳನ್ನು ಒಂದು ಬೆಂಚಿನ ಮೇಲೆ ಕೂರಿಸಲು ಪಡುವ ಪಾಡನ್ನು ನೋಡಿ ಬರಬೇಕು.

ಕಾನೂನಿಗೆ ಕ್ಯಾಲೆಂಡರ್ ಎಂದರೆ ಬಹಳ ಪ್ರೀತಿ. ನಮಗೋ ದಾಕ್ಷಿಣ್ಯ. “ಪಾಪ, ಸುಗ್ಗಿಗೆ ಕೊಡ್ತೀನಿ ಅಂದಿದ್ದಾನೆ, ಕೇಳೋದು ಹೇಗೆ?” ಎಂದು ಒಂದು ಸುಗ್ಗಿ, ಮತ್ತೊಂದು ಸುಗ್ಗಿ, ಮಗದೊಂದು ಸುಗ್ಗಿ ಕಾಯುತ್ತೇವೆ. ಪ್ರೋನೋಟಿನ ಸಾಲ ಸಾಮಾನ್ಯವಾಗಿ ಮೂರು ವರ್ಷಕ್ಕೆ ಕಾಲಬಾಧಿತ. ನಡುವೆ ಸಾಲ ಪಡೆದವನು ಒಂದಿಷ್ಟು ಹಣ ಕೊಟ್ಟು ತನ್ನ ಕೈಯಿಂದಲೇ ಬರೆದು ಸಹಿ ಮಾಡಿದರೆ, ಇಲ್ಲವೇ ಸಾಲ ಉಂಟೆಂದು ಹೊಸದಾಗಿ ಬರೆದುಕೊಟ್ಟರೆ ಮೂರು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದಾಕ್ಷಿಣ್ಯ ಕೆಡದೆ ಇಷ್ಟನ್ನು ಮಾಡಿಸುವ ಜಾಣ್ಮೆ ವಕೀಲರಿಗೆ ಗೊತ್ತು. ಮಾವಿನ ತೋಪಿನ ಗುತ್ತಿಗೆಗೆ ವ್ಯಾಪಾರಿ ಕೊಟ್ಟ ಚೆಕ್ಕು ವಾಪಸು ಬಂದಿತೆನ್ನಿ. ಬ್ಯಾಂಕಿನ ಮೆಮೊ ಕೈ ಸೇರಿದ 30 ದಿನದೊಳಗೆ ನೋಟಿಸು ಹೋಗಬೇಕು, ನೋಟಿಸು ತಲುಪಿ 15 ದಿನ ಅವನಿಗೆ ಗಡುವು, ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಈ ಮೆಟ್ಟಿಲುಗಳಲ್ಲಿ ಒಂದು ತಪ್ಪಿದರೂ ಎಡವುತ್ತೇವೆ. ಹೂ ಬಿಟ್ಟಾಗಲೇ ತೋಪನ್ನು ಬಾಯಿಮಾತಿನ ಮೇಲೆ ಕೊಟ್ಟು, ಆಲಿಕಲ್ಲು ಬಿದ್ದ ಮೇಲೆ ನಷ್ಟ ಯಾರದು ಎಂದು ಕಿತ್ತಾಡುವುದು ನಮ್ಮ ಕಡೆ ಹೊಸದಲ್ಲ. ಆಲಿಕಲ್ಲಿಗೆಂದು ಎರಡು ಸಾಲು, ಕಂತಿಗೆಂದು ಎರಡು ಸಾಲು ಕರಾರಿನಲ್ಲಿ ಇದ್ದರೆ ವ್ಯಾಪಾರಿಗೂ ನೆಮ್ಮದಿ, ತೋಪಿನವರಿಗೂ ನೆಮ್ಮದಿ. ಟೊಮೇಟೊ ಬೀಜ ಕಳಪೆಯಾಗಿ ಗಿಡ ಕಾಯಿ ಹಿಡಿಯದೆ ಹೋದರೂ ರೈತ ಹಣೆಬರಹ ಅಂದುಕೊಂಡು ಕೂರಬೇಕಾಗಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಕೋಲಾರದಲ್ಲೇ ಗ್ರಾಹಕ ಆಯೋಗವಿದೆ, ಎರಡು ವರ್ಷದೊಳಗೆ ದೂರು ಕೊಡಬೇಕು. ಬೀಜದ ಬಿಲ್ಲು ಮತ್ತು ಖಾಲಿ ಪ್ಯಾಕೆಟ್ಟು ಎತ್ತಿಟ್ಟುಕೊಂಡಿರಬೇಕು, ಗಿಡ ಹೊಲದಲ್ಲಿರುವಾಗಲೇ ಕೃಷಿ ಅಧಿಕಾರಿಗಳಿಗೆ ತೋರಿಸಿರಬೇಕು. ಪ್ಯಾಕೆಟ್ಟನ್ನು ಒಲೆಗೆ ಹಾಕಿದ ಮೇಲೆ ಬಂದವರಿಗೆ ವಕೀಲರಾದರೂ ಏನು ಮಾಡಿಯಾರು?

‘ಇದೆಲ್ಲ ದುಡ್ಡಿದ್ದವರ ಮಾತು’ ಎಂದು ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವುದು ನನಗೆ ಕೇಳಿಸುತ್ತಿದೆ. ಶ್ರೀನಿವಾಸಪುರದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆಲ್ಲ ವರಮಾನ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಒದಗಿಸಬೇಕು. ಉಳಿದವರಿಗೆ ವರಮಾನದ ಮಿತಿಯಿದೆ. ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ನಮ್ಮ ಹೋಬಳಿಯ ಮುಕ್ಕಾಲು ಜನ ಇದರೊಳಗೇ ಬರುತ್ತಾರೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಆದೀತು. ಗಂಡನ ಮನೆಯಲ್ಲಿ ಪೆಟ್ಟು ತಿಂದು, ತವರಿಗೆ ಭಾರವಾಗಬಾರದೆಂದು ಬಾಯಿ ಮುಚ್ಚಿಕೊಂಡಿರುವ ಹೆಣ್ಣುಮಗಳಿಗೆ ಯಾರಾದರೂ ಈ ಸಂಖ್ಯೆಯನ್ನು ಬರೆದುಕೊಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳು ಆ ಮನೆಯಿಂದ ಹೊರಬೀಳಬೇಕಾಗಿಯೂ ಇಲ್ಲ. ಅಲ್ಲೇ ಇರುವ ಹಕ್ಕು, ರಕ್ಷಣೆ, ಜೀವನಾಂಶ ಮೂರನ್ನೂ ಮ್ಯಾಜಿಸ್ಟ್ರೇಟರು ಕೊಡಿಸಬಲ್ಲರು.

ಫೀಸು ಕೊಟ್ಟು ವಕೀಲರನ್ನು ಇಟ್ಟುಕೊಳ್ಳುವವರೂ ಮೊದಲ ದಿನವೇ ಫೀಸಿನ ಮಾತು ಬಿಚ್ಚಿ ಆಡಿ ರಸೀತಿ ಕೇಳಲಿ. ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಎಂಬ ಒಪ್ಪಂದ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಕೇಸಿಗೊಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಬರೆಸಿಕೊಂಡರೆ ಮುಂದಿನ ವಾಯಿದೆ ಯಾವತ್ತು ಎಂದು ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲೇ ನೋಡಿ ಹೇಳುತ್ತಾಳೆ. ವಕೀಲರಿಂದ ಏನನ್ನೂ ಮುಚ್ಚಿಡಬೇಡಿ. ನಿಮಗೆ ವಿರುದ್ಧವಾಗಿರುವ ಚೀಟಿಯನ್ನೇ ಮೊದಲು ತೋರಿಸಿ. ನೀವು ನಂಬಿ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಅವರು ಹೊರಗೆ ಹೇಳುವಂತಿಲ್ಲವೆಂದು ಸಾಕ್ಷ್ಯದ ಕಾನೂನೇ ಕಟ್ಟುಹಾಕಿದೆ.

ಕಡೆಗೊಂದು ಸಂಗತಿ. ನಮ್ಮ ಬೀದಿಯ ಅಜ್ಜಿಯೊಬ್ಬರು ಇರುವ ಮನೆಯನ್ನೂ ಒಂದಿಷ್ಟು ತೋಪನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಕೊಡಲು ಹೊರಟರು. ಮಗ ಒಳ್ಳೆಯವನೇ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಇಂಥವರಿಗೆಂದೇ ಇದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕಲ್ಲ? 2022ರ ಕೊನೆಯಲ್ಲಿ ಸುಪ್ರೀಂ ಕೋರ್ಟು ಸುದೇಶ್ ಛಿಕಾರಾ ಪ್ರಕರಣದಲ್ಲಿ ಅದು ಇದ್ದೇ ತೀರಬೇಕೆಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ತಾಯಿಯ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಿತು. ಯಾವ ತೀರ್ಪು ತನಗೆ ಅನ್ವಯವಾದೀತೆಂದು ಆ ವಯಸ್ಸಿನಲ್ಲಿ ಯಾರು ಕಾದು ಕೂತಾರು? ಜಗಳವಾದ ಮೇಲೆ ಹೋಗಬೇಕಾದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಅಲ್ಲಿ ಕಕ್ಷಿದಾರರ ಪರ ವಕೀಲರು ನಿಲ್ಲುವಂತಿಲ್ಲ ಎಂದು ಅದೇ ಕಾಯ್ದೆಯ 17ನೇ ಸೆಕ್ಷನ್ ಬರೆದಿದೆ, ಕೆಲವು ಹೈಕೋರ್ಟುಗಳು ಅದನ್ನು ಒಪ್ಪಿಲ್ಲವೆನ್ನುವುದು ಬೇರೆ ಮಾತು. ಅಂದಮೇಲೆ ವಕೀಲರು ಅಜ್ಜಿಯ ಪಕ್ಕದಲ್ಲಿ ನಿಲ್ಲಬೇಕಾದ ಹೊತ್ತು ಪತ್ರ ಬರೆಯುವ ಹೊತ್ತೇ. ಪುಣ್ಯಕ್ಕೆ ಆಕೆ ಆಗಲೇ ಹೋಗಿದ್ದರು. ಪತ್ರ ಬರಹಗಾರರ ಕರಡನ್ನು ಓದಿದ ವಕೀಲರು, ಅಜ್ಜಿ ಬದುಕಿರುವವರೆಗೂ ಇದೇ ಮನೆಯಲ್ಲಿ ವಾಸಿಸುವ ಹಕ್ಕು ಉಳಿಸಿಕೊಂಡಿದ್ದಾರೆಂದೂ, ಊಟ, ಬಟ್ಟೆ, ಔಷಧಿ, ಆರೈಕೆಯನ್ನು ಮಗ ನೋಡಿಕೊಳ್ಳುವ ಷರತ್ತಿನ ಮೇಲೆಯೇ ಈ ದಾನವೆಂದೂ ಒಂದು ಉದ್ದನೆಯ ಸಾಲು ಸೇರಿಸಿದರು. ಮಗನ ಮುಖ ಸ್ವಲ್ಪ ಚಿಕ್ಕದಾಯಿತು, ಆಮೇಲೆ ಅವನೇ “ಇರ್ಲಿ ಸಾರ್, ಹಾಕಿ” ಎಂದ. ಅಜ್ಜಿ ಆ ಸಾಲನ್ನು ಇನ್ನೊಂದು ಸಲ ಓದಿಸಿದರು. ಔಷಧಿ ಎನ್ನುವಲ್ಲಿ ನಿಲ್ಲಿಸಿ, “ಕನ್ನಡಕಾನೂ ಬರೀರಿ ಸ್ವಾಮಿ” ಎಂದರು. ಬರೆದರು. ಮತ್ತೆ ಓದಿಸಿದರು. ಆಮೇಲೆ ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು, “ಈಗ ತೋರಿಸಪ್ಪ, ಎಲ್ಲಿ ಒತ್ತಬೇಕು?” ಎಂದು ಕೇಳಿದರು.